ವೀಕ್ಷಕರ ಸಹಿ

ಮಕ್ತಲ್
೪ ಮಾರ್ಚ್ ೨೦೨೪

ರಜಿನಿ ಮೇಡಮ್ ಅವರಿಗೆ,

ಫೆಬ್ರವರಿಯ ಹಾಳೆ ಇದರೊಂದಿಗಿದೆ. ಇಪ್ಪತ್ತಾರು ದಿನ ಬಿಸಿಲು ಸಿಕ್ಕಿತು, ಎರಡು ದಿನ ಮೋಡ. ಹದಿನೇಳರಂದು ನನ್ನ ತಮ್ಮ ಭೀಮಯ್ಯನ ಮಗಳ ನಿಶ್ಚಯಕ್ಕೆ ಗದ್ವಾಲಕ್ಕೆ ಹೋಗಿದ್ದೆ. ಆ ದಿನದ ಜಾಗ ಖಾಲಿ ಬಿಟ್ಟಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಮನೆಯ ಹಿಂದಿನ ದಿಬ್ಬದ ಮೇಲೆ ಈ ಯಂತ್ರವನ್ನು ನನ್ನ ಕೈಗೆ ಕೊಟ್ಟ ದಿನ ನೀವು ಹೇಳಿದ ಮೊದಲ ಮಾತೇ ಅದು: ನೋಡದ ದಿನದ ಅಂಕಿ ಬರೆಯಬಾರದು.

ಒಂದು ವಿಷಯ ತಿಳಿಸಬೇಕು. ಈ ತಿಂಗಳ ಅಂಕಿಗಳು ಚೆದುರಿವೆ. ಒಂದೇ ಮಧ್ಯಾಹ್ನ ಐದು ಸಲ ನೋಡಿದರೆ ಐದೂ ಅಕ್ಕಪಕ್ಕ ಬರಬೇಕು. ಹನ್ನೆರಡರಂದು ಒಂದು ಸಲ ೨೫೮ ಬಂತು, ಮರು ನಿಮಿಷ ೨೪೧. ಗಾಳಿ ಜಾಸ್ತಿ. ಆ ಗಾಜಿನ ಕಿಂಡಿಯಲ್ಲಿ ಸೂರ್ಯನ ಚುಕ್ಕಿ ಗೆರೆಗಳ ನಡುವೆ ಬಂತು ಅನ್ನುವಷ್ಟರಲ್ಲಿ ಜಾರಿಬಿಡುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಒಂದಿದ್ದರೆ ಅನುಕೂಲ.

ಅಂಚೆ ಕಚೇರಿಯ ತಾಯಣ್ಣ ಲಕೋಟೆ ತೂಗುವಾಗಲೆಲ್ಲ ಕೇಳುತ್ತಾನೆ, “ಈ ತಿಂಗಳು ಆಕಾಶದಾಗ ಎಷ್ಟು ಐತ್ರೀ ಮೈಲಾರಲಿಂಗಣ್ಣ?” ಬಿಸಿಲಿನ ಸುಡುವ ಕಿರಣವನ್ನು ಮೇಲೆಯೇ ತಡೆಯುವ ಓಝೋನ್ ಪದರ ಇದೆ, ಅದರ ದಪ್ಪವನ್ನು ನಾವು ಅಳೆಯುತ್ತೇವೆ, ಹತ್ತಾರು ದೇಶಗಳು ಕೂಡಿ ಇದಕ್ಕೆ ನಿಧಿ ಇಟ್ಟಿವೆ ಎಂದು ಮತ್ತೊಮ್ಮೆ ತಿಳಿಸಿ ಹೇಳಿದೆ. “ಮಕ್ತಲದ ಬಿಸಿಲಿಗೆ ಹೊರದೇಶದವ್ರು ರೊಕ್ಕ ಹಾಕ್ತಾರಂದ್ರ ನಂಬಾಕ ಆಗಂಗಿಲ್ಲ ಬಿಡ್ರಿ” ಎಂದ.

ಬುಚ್ಚಮ್ಮ ನಿಮ್ಮನ್ನು ಕೇಳಿದ್ದಾಳೆ.

ಮೈಲಾರಲಿಂಗ


ಪುಣೆ
೧೯ ಮಾರ್ಚ್ ೨೦೨೪

ಮೈಲಾರಲಿಂಗ ಕಾಕಾ,

ಮೇಡಮ್ ಅನ್ನಬೇಡಿ ಎಂದು ಆರು ವರ್ಷದಿಂದ ಬೇಡಿಕೊಳ್ಳುತ್ತಿದ್ದೇನೆ. ನಾನು ನಾರಾಯಣಪೇಟೆಯ ಮಗ್ಗದ ಮನೆಯ ಹುಡುಗಿ, ನಿಮ್ಮ ಊರಿಂದ ಒಂದು ಬಸ್ಸಿನ ದೂರದವಳು.

ಸ್ಟ್ಯಾಂಡ್ ಇನ್ನೆರಡು ವಾರದಲ್ಲಿ ಬರುತ್ತದೆ. ಎರಡು ಮೊಣಕೈಗಳನ್ನೂ ಅದಕ್ಕೆ ಊರಿ ನೋಡಿ. ಚೆದುರಿದ ಅಂಕಿಗಳ ಬಗ್ಗೆ ಚಿಂತೆ ಬೇಡ. ಗಾಳಿಯ ತಿಂಗಳಲ್ಲಿ ಎಲ್ಲ ಕಡೆಯೂ ಹಾಗೆ ಆಗುತ್ತದೆ. ಯಂತ್ರ ಹಳೆಯದು, ನೋಡಿದ್ದನ್ನು ತಾನೇ ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಉಳಿದಿಲ್ಲ. ನಿಮ್ಮ ಕಾಗದವೇ ನಮಗೆ ಮೂಲ ದಾಖಲೆ.

ಮುಂದಿನ ವರ್ಷ ನಿಧಿಯ ಸಮಿತಿ ಒಂಬತ್ತೂ ಕೇಂದ್ರಗಳನ್ನು ಪರಿಶೀಲಿಸುತ್ತದೆ. ಅದಕ್ಕಾಗಿ ಈಗಲೇ ಒಂದು ವರದಿ ಕೇಳಿದ್ದರು, ಕಳೆದ ವಾರ ಕಳಿಸಿದೆ. ಅದೆಲ್ಲ ಕಚೇರಿಯ ಕೆಲಸ. ನೀವು ಎಂದಿನಂತೆ ಆಕಾಶ ನೋಡಿಕೊಂಡಿರಿ.

ಬುಚ್ಚಮ್ಮವ್ವನ ಕೈಯ ರೊಟ್ಟಿ ನೆನಪಾಗುತ್ತದೆ.

ರಜಿನಿ


ಮಕ್ತಲ್
೩ ಜೂನ್ ೨೦೨೪

ರಜಿನಿ ಮೇಡಮ್ ಅವರಿಗೆ,

ಏಪ್ರಿಲ್ ಹಾಳೆಯ ಜೊತೆ ಕಾಗದ ಬರೆಯಲಾಗಲಿಲ್ಲ. ಆ ತಿಂಗಳ ನಡುವೆ ಮೂರು ದಿನ ಖಾಲಿ ಇದ್ದದ್ದನ್ನು ನೀವು ಕಂಡಿರಬಹುದು. ಬುಚ್ಚಮ್ಮನ ಮೊಣಕಾಲು ನೋವಿಗೆ ರಾಯಚೂರಿನ ದವಾಖಾನೆಗೆ ಹೋಗಿದ್ದೆವು.

ಸ್ಟ್ಯಾಂಡ್ ಬಂದ ಮೇಲೆ ಕೆಲಸ ಸಲೀಸಾಗಿದೆ. ಮೇ ಹಾಳೆ ನೋಡಿ. ಇಪ್ಪತ್ತೊಂದರ ಐದು ಅಂಕಿಗಳು: ೨೭೪, ೨೭೫, ೨೭೪, ೨೭೪, ೨೭೫. ಕೈಬರಹವೂ ಸುಧಾರಿಸಿದೆ ಎಂದು ನೀವು ನಗಬಹುದು. ಹೊಸ ಪೆನ್ನು.

ಮಳೆ ಇನ್ನೂ ಬಂದಿಲ್ಲ. ಭೀಮಯ್ಯ ಕುರಿಗಳನ್ನು ಧರೂರಿನ ಕಾಲುವೆಯ ಕಡೆ ಹೊಡೆದುಕೊಂಡು ಹೋಗಿದ್ದಾನೆ. ನಾನು ಹೋಗುವುದಿಲ್ಲ. ದಿಬ್ಬವೇ ಸಾಕು.

ಮೈಲಾರಲಿಂಗ


ಪುಣೆ
೨೨ ಆಗಸ್ಟ್ ೨೦೨೪

ಕಾಕಾ,

ಮೇ, ಜೂನ್, ಜುಲೈ ಮೂರೂ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಕೂತಿದ್ದೇನೆ. ಮೋಡದ ತಿಂಗಳಲ್ಲೂ ಬಿಸಿಲು ಇಣುಕಿದ ಗಳಿಗೆಯನ್ನು ಬಿಟ್ಟಿಲ್ಲ. ನಿಮ್ಮ ಕೈ ಈಗ ಕಲ್ಲಿನಷ್ಟು ಸ್ಥಿರ. ಒಂಬತ್ತು ಕೇಂದ್ರಗಳಲ್ಲಿ ಇಷ್ಟು ಚೊಕ್ಕ ಅಂಕಿಗಳು ಬೇರೆಲ್ಲೂ ಇಲ್ಲ.

ಇದನ್ನು ಬರೆಯುವಾಗ ಸಂತೋಷದ ಜೊತೆ ಇನ್ನೊಂದು ಮಾತೂ ಬಾಯಿಗೆ ಬರುತ್ತಿದೆ. ಅದನ್ನು ಕಾಗದದಲ್ಲಿ ಹೇಳುವುದು ಹೇಗೆಂದು ತಿಳಿಯುತ್ತಿಲ್ಲ. ಭೇಟಿಯಾದಾಗ ಹೇಳುತ್ತೇನೆ.

ಬುಚ್ಚಮ್ಮವ್ವನ ಮೊಣಕಾಲು ಹೇಗಿದೆ? ಬೆಚ್ಚಗೆ ಎಣ್ಣೆ ತಿಕ್ಕಲು ಹೇಳಿ.

ರಜಿನಿ


ಮಕ್ತಲ್
೬ ಜನವರಿ ೨೦೨೫

ರಜಿನಮ್ಮ,

ನಾಲ್ಕು ತಿಂಗಳಿಂದ ನಿಮ್ಮ ಕಡೆಯಿಂದ ಖಾಲಿ ಹಾಳೆಗಳು ಮಾತ್ರ ಬರುತ್ತಿವೆ, ಕಾಗದವಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಮನೆಯಲ್ಲಿ ಮಾತಾಡಿಕೊಂಡೆವು. ಪುಣೆಯ ಚಳಿ ಜಾಸ್ತಿಯಂತೆ. ಹೋದ ವಾರ ನಾನೂ ಬುಚ್ಚಮ್ಮನೂ ನಾರಾಯಣಪೇಟೆಗೆ ಹೋಗಿ ನಿಮ್ಮ ತಂದೆ ಬಾಲರಾಜ ಅವರ ಕೈಯಲ್ಲಿ ಒಂದು ಕಂಬಳಿ ಕೊಟ್ಟು ಬಂದಿದ್ದೇವೆ. ನಮ್ಮ ಕುರಿಗಳದೇ ಉಣ್ಣೆ. ಮೊದಮೊದಲು ಚುಚ್ಚುತ್ತದೆ, ಹೊದೆಯುತ್ತ ಹೋದರೆ ಮೆತ್ತಗಾಗುತ್ತದೆ.

ಡಿಸೆಂಬರ್‌ನಲ್ಲಿ ಅಂಕಿ ೨೪೪ಕ್ಕೆ ಇಳಿದಿದೆ. ಚಳಿಗಾಲಕ್ಕೆ ಇಳಿಯುವುದು, ಬೇಸಗೆಗೆ ಏರುವುದು ಪ್ರತಿ ವರ್ಷ ಇರುವುದೇ ಎಂದು ನೀವು ಹೇಳಿದ್ದು ನೆನಪಿದೆ. ಆದರೂ ಇಳಿದಾಗ ಒಂದು ಕಸಿವಿಸಿ.

ನಾನು ಏನಾದರೂ ತಪ್ಪು ಬರೆದಿದ್ದರೆ ನೇರವಾಗಿ ಹೇಳಿಬಿಡಿ.

ಮೈಲಾರಲಿಂಗ


ಪುಣೆ
೧೮ ಫೆಬ್ರವರಿ ೨೦೨೫

ಶ್ರೀ ಮೈಲಾರಲಿಂಗ ಅವರಿಗೆ,
ವೀಕ್ಷಕರು, ಮಕ್ತಲ್ ಕೇಂದ್ರ

ನಿಧಿ ಸಮಿತಿಯ ಪರಿಶೀಲಕರು ತಮ್ಮ ಕೇಂದ್ರದ ೨೦೨೪ರ ದಾಖಲೆಗಳ ಬಗ್ಗೆ ಪ್ರಶ್ನೆ ಎತ್ತಿದ್ದಾರೆ. ಏಪ್ರಿಲ್ ಮೊದಲ ಭಾಗದವರೆಗೆ ಬಹಳ ಚೆದುರಿದ್ದ ಅಂಕಿಗಳು ಅನಂತರ ಏಕಾಏಕಿ ಒತ್ತಾಗಿವೆ, ಉಪಗ್ರಹ ತೋರಿಸುವ ಅಂಕಿಗಳಿಗೂ ತೀರ ಹತ್ತಿರವಾಗಿವೆ. ಉಪಗ್ರಹದ ಅಂಕಿಗಳು ಫೋನಿನಲ್ಲೇ ಸಿಗುತ್ತವೆ. ಅವುಗಳನ್ನು ನೋಡಿ ಹಾಳೆ ತುಂಬಿರಬಹುದೇ ಎಂಬುದು ಅವರ ಸಂಶಯ.

ಏಪ್ರಿಲ್‌ನಿಂದ ಈಚೆಗಿನ ಅಂಕಿಗಳೆಲ್ಲ ತಾವೇ ಸ್ವತಃ ಯಂತ್ರದಲ್ಲಿ ನೋಡಿ ಬರೆದವೇ ಎಂಬುದನ್ನು ಮಾರ್ಚ್ ಮೂವತ್ತೊಂದರೊಳಗೆ ಲಿಖಿತವಾಗಿ ತಿಳಿಸಬೇಕು. ಸಮಾಧಾನಕರ ಉತ್ತರವಿಲ್ಲದಿದ್ದರೆ ಕೇಂದ್ರವನ್ನು ಮುಂದುವರಿಸುವುದು ಕಷ್ಟ.

ಕಾಕಾ, ಇದನ್ನು ಹೀಗೆಯೇ ಬರೆಯಬೇಕಾಗಿತ್ತು. ಕಂಬಳಿ ತಲುಪಿದೆ.

ರಜಿನಿ


ಮಕ್ತಲ್
೨ ಮಾರ್ಚ್ ೨೦೨೫

ಮೇಡಮ್ ಅವರಿಗೆ,

ಫೆಬ್ರವರಿಯ ಹಾಳೆ ಇದರೊಂದಿಗಿದೆ. ಒಂದೊಂದು ಅಂಕಿಯೂ ಆಕಾಶದಿಂದ ಬಂದದ್ದು. ನಮ್ಮ ಮನೆಯಲ್ಲಿರುವ ಫೋನಿನಲ್ಲಿ ಮಾತಾಡಲು ಮಾತ್ರ ಬರುತ್ತದೆ.

ಇನ್ನು ಮುಂದೆ ಹಾಳೆ ಮಾತ್ರ ಕಳಿಸುತ್ತೇನೆ.

ಮೈಲಾರಲಿಂಗ


ಮಕ್ತಲ್
೯ ಮಾರ್ಚ್ ೨೦೨೫

ರಜಿನಿ ತಾಯಿ,

ನಾನು ಬುಚ್ಚಮ್ಮ. ನಿಮಗೆ ಎರಡು ಸಲ ರೊಟ್ಟಿ ಬಡಿಸಿದ್ದೇನೆ, ಅದಕ್ಕಿಂತ ಹೆಚ್ಚು ಪರಿಚಯವಿಲ್ಲ ಎಂದು ನೀವು ತಿಳಿದಿರಬಹುದು. ಆದರೆ ಈ ಅಕ್ಷರ ನಿಮಗೆ ಹತ್ತು ತಿಂಗಳಿಂದ ಗೊತ್ತು. ನಾನು ಕೃಷ್ಣಾ ಹತ್ತಿರದ ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು.

ಇದು ಅವರು ಹೇಳಿ ಬರೆಸುತ್ತಿರುವ ಕಾಗದವಲ್ಲ. ಅವರು ಭೀಮಯ್ಯನ ಜೊತೆ ಕುರಿ ಹಟ್ಟಿಗೆ ಹೋಗಿದ್ದಾರೆ. ಬರುವುದರೊಳಗೆ ಮುಗಿಸಿ ತಾಯಣ್ಣನ ಕೈಗೆ ಕೊಡಬೇಕು.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆಯಾದರೂ ಊಟಕ್ಕೆ ಬರಲಿಲ್ಲ. ಕರೆಯಲು ದಿಬ್ಬ ಹತ್ತಿದೆ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

“ಯಾಕ, ಮೋಡ ಐತೇನು?” ಅಂದೆ.

“ನೀನs ಹೇಳು, ಐತೇನು?”

ಕತ್ತೆತ್ತಿ ನೋಡಿದೆ. ತೊಳೆದ ತಾಟಿನ ಹಾಗಿತ್ತು ಆಕಾಶ. “ಒಂದು ಚೂರೂ ಇಲ್ಲ.”

“ನನಗ ಎಲ್ಲಾ ಮೋಡನs ಕಾಣ್ತೈತಿ, ಬುಚ್ಚಿ” ಅಂದರು.

ಮದುವೆಯಾಗಿ ಮೂವತ್ತೆರಡು ವರ್ಷ. ಅಂಥ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಹೊಸ್ತಿಲಲ್ಲಿ ಮಲಗಿದ ನಾಯಿಯನ್ನು ತುಳಿದದ್ದು, ನೀರಿನ ಚೆಂಬು ಹುಡುಕುತ್ತ ಗೋಡೆ ತಡವಿದ್ದು, ಎಲ್ಲ ಆಗ ಒಂದಕ್ಕೊಂದು ಕೂಡಿಬಂತು. ಯಂತ್ರದ ಅಂಕಿಗಳು ಯಾಕೆ ಚೆದುರಿದವು ಎಂದೂ ತಿಳಿಯಿತು. ಚುಕ್ಕಿ ಎಲ್ಲಿದೆ ಎಂದು ಅಂದಾಜಿನ ಮೇಲೆ ಹಿಡಿಯುತ್ತಿದ್ದರು. ಗಾಳಿಯ ಮಾತು ಸುಳ್ಳು.

“ತಾ ಇಲ್ಲಿ. ಏನ್ ನೋಡಬೇಕು ಹೇಳು” ಎಂದು ಯಂತ್ರ ಕಿತ್ತುಕೊಂಡೆ. ಮೂರು ದಿನ ಕಲಿಸಿದರು. ಆ ಮೂರು ದಿನದ ಜಾಗ ಖಾಲಿ ಬಿಟ್ಟದ್ದು ಅದಕ್ಕೆ. “ಕಲಿಯೋ ಕೈ ಅಂಕಿ ಬರೀಬಾರದು” ಅಂದರು. ನಾಲ್ಕನೆಯ ದಿನದಿಂದ ನೋಡಿದವಳು ನಾನು, ಬರೆದವಳೂ ನಾನು. ಗುಂಡಿ ಒತ್ತುವ ಮುಂದೆ ಉಸಿರು ಹಿಡಿಯಬೇಕು, ಅಷ್ಟೇ. ಸೂಜಿಗೆ ದಾರ ಪೋಣಿಸಿದಷ್ಟೇ ಸುಲಭ.

ರಾಯಚೂರಿಗೆ ಹೋದದ್ದು ಮೇ ತಿಂಗಳಲ್ಲಿ, ಒಂದು ಭಾನುವಾರ, ಅಂಕಿ ಬರೆದ ಮೇಲೆ ಸಂಜೆಯ ರೈಲಿಗೆ. ಮರುದಿನ ಬೆಳಗ್ಗೆ ತೋರಿಸಿ ಅಂಕಿಯ ಹೊತ್ತಿಗೆ ವಾಪಸು ಬಂದೆವು. ನನ್ನ ಮೊಣಕಾಲಿಗೆ ಏನೂ ಆಗಿಲ್ಲ, ತಾಯಿ. ನೀವು ಎಣ್ಣೆ ತಿಕ್ಕಿ ಎಂದು ಬರೆದದ್ದನ್ನು ಓದಿ ಹೇಳುವಾಗ ನಾಚಿಕೆಯಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು. ಇವರು ಒಪ್ಪಲಿಲ್ಲ. “ಇರೋ ಬೆಳಕೂ ಹೋದ್ರ?” ಅನ್ನುತ್ತಾರೆ.

ಹಾಳೆಯ ಕೆಳಗೆ ವೀಕ್ಷಕರ ಸಹಿ ಎಂದಿದೆ. ಕಣ್ಣಿಲ್ಲದವನು ವೀಕ್ಷಕ ಎಂದು ಗೊತ್ತಾದರೆ ಕೇಂದ್ರ ಎತ್ತಿಬಿಡುತ್ತಾರೆ ಎಂದು ಹೆದರಿದರು. ಅವರ ಹೆಸರನ್ನು ನಾನೇ ಬರೆದೆ. ತಪ್ಪು ಅದೊಂದೇ.

ನಿಮ್ಮ ಹೋದ ಕಾಗದವನ್ನು ಓದಿ ಹೇಳಿದ್ದೂ ನಾನೇ. ‘ತಾವೇ ಸ್ವತಃ ನೋಡಿ ಬರೆದವೇ’ ಎಂಬಲ್ಲಿ ನಿಲ್ಲಿಸಿದೆ. “ಓದು, ಯಾಕ ನಿಂತಿ?” ಅಂದರು. ನನ್ನ ಬಾಯಿಂದಲೇ ಓದಿದೆ. ಅವತ್ತಿನಿಂದ ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಾರೆ. ಕುರಿ ಎಣಿಸುವಾಗಲೂ ಒಂದು ಸುಳ್ಳು ಹೇಳಿದವರಲ್ಲ.

ಕೇಂದ್ರ ಹೋಗುವುದಾದರೆ ಹೋಗಲಿ. ಅವರು ಸುಳ್ಳು ಅಂಕಿ ಬರೆದಿಲ್ಲ ಎಂದು ನೀವು ಒಂದು ಸಾಲು ಬರೆದರೆ ನನಗೆ ಸಾಕು.

ಬುಚ್ಚಮ್ಮ


ಪುಣೆ
೧೬ ಮಾರ್ಚ್ ೨೦೨೫

ಬುಚ್ಚಮ್ಮವ್ವ,

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತು ಮತ್ತೆ ಓದಿದೆ. ಇದನ್ನು ಕಾಕಾನಿಗೆ ಓದಿ ಹೇಳಬೇಕೋ ಬೇಡವೋ ನೀವೇ ನೋಡಿ. ನನಗೆ ಹೇಳಿದರೇ ಒಳ್ಳೆಯದು ಅನ್ನಿಸುತ್ತದೆ.

ನೀವು ಕೇಳಿದ ಸಾಲು ಮೊದಲು: ಕಾಕಾ ಒಂದೂ ಸುಳ್ಳು ಅಂಕಿ ಬರೆದಿಲ್ಲ. ಇದನ್ನು ನಾನು ಸಮಿತಿಗೂ ಬರೆಯುತ್ತೇನೆ. ಅದರ ಜೊತೆ ಸಹಿಯ ಸತ್ಯವನ್ನೂ ಬರೆಯಬೇಕಾಗುತ್ತದೆ. ಅರ್ಧ ಮುಚ್ಚಿಟ್ಟರೆ ಉಳಿದರ್ಧವನ್ನೂ ಅವರು ನಂಬುವುದಿಲ್ಲ.

ಈಗ ನಾನು ಮುಚ್ಚಿಟ್ಟದ್ದು. ಹೋದ ವರ್ಷ ಮಾರ್ಚ್‌ನಲ್ಲಿ ವರದಿ ಕಳಿಸಿದೆ ಎಂದು ಬರೆದಿದ್ದೆನಲ್ಲ, ಅದರಲ್ಲಿ ಒಂದು ಪಟ್ಟಿ ಇತ್ತು. ನಿಧಿ ಕಡಿಮೆಯಾದರೆ ಮೊದಲು ಯಾವ ಮೂರು ಕೇಂದ್ರಗಳನ್ನು ಮುಚ್ಚಬಹುದು ಎಂದು ಕೇಳಿದ್ದರು. ಚೆದುರಿದ ಅಂಕಿಗಳನ್ನು ನೋಡಿ ಮಕ್ತಲ್ ಹೆಸರನ್ನು ಬರೆದವಳು ನಾನೇ. ಬರೆದ ಮರುವಾರವೇ ನಿಮಗೆ ‘ಚಿಂತೆ ಬೇಡ’ ಎಂದು ಕಾಗದ ಹಾಕಿದೆ. ಆಮೇಲೆ ಅಂಕಿಗಳು ಚೊಕ್ಕವಾದವು. ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಬರೆದೆ. ಆ ನನ್ನ ಕಾಗದವೇ ಪರಿಶೀಲಕರಿಗೆ ಸಂಶಯ ಹುಟ್ಟಿಸಿತು. ನಾಲ್ಕು ತಿಂಗಳು ನಾನು ಕಾಗದ ಬರೆಯದಿದ್ದುದಕ್ಕೆ ಇದೇ ಕಾರಣ. ಮೈ ಹುಷಾರಾಗಿಯೇ ಇತ್ತು. ನೀವು ಕಂಬಳಿ ಕಳಿಸಿದಿರಿ.

ಕಾಕಾ ನಮ್ಮ ಮನೆಗೆ ಬಂದಿದ್ದಾಗ ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರಂತೆ. “ನೇಯ್ಗೆ ಬಲ್ಲ ಮನುಷ್ಯ” ಎಂದು ಅಪ್ಪ ಫೋನಿನಲ್ಲಿ ಹೊಗಳಿದರು. ನಾನೂ ಹಾಗೆಂದೇ ತಿಳಿದೆ.

ಯಂತ್ರದಿಂದ ಕಣ್ಣು ಕೆಟ್ಟಿತೇ ಎಂಬ ಭಯ ನಿಮಗಿದ್ದರೆ, ಅದು ನನಗೂ ಬಂತು. ಇಲ್ಲಿಯ ಕಣ್ಣಿನ ವೈದ್ಯರನ್ನು ಕೇಳಿದೆ. ಆ ಕಿಂಡಿಯ ಗಾಜು ಬೆಳಕನ್ನು ತಗ್ಗಿಸಿಯೇ ತೋರಿಸುತ್ತದೆ, ಅದರಿಂದಲ್ಲ ಎಂದರು. ವಯಸ್ಸು ಒಂದು ಕಾರಣ. ಮೂವತ್ತು ವರ್ಷ ನೆರಳಿಲ್ಲದ ಬಯಲಲ್ಲಿ ಕುರಿ ಕಾಯ್ದದ್ದು ಇನ್ನೊಂದಿರಬಹುದು. ಪೊರೆ ಬೇಗ ಬರಿಸುವುದು ಬಿಸಿಲಿನೊಳಗಿನ ಅದೇ ಸುಡುವ ಕಿರಣ. ಅದನ್ನು ತಡೆಯುವ ಪದರವನ್ನು ಅಳೆಯುತ್ತಿದ್ದ ಮನುಷ್ಯನನ್ನು, ನಿಮ್ಮ ಕಣ್ಣು ಹೇಗಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ, ಉಳಿದ ಯಂತ್ರಗಳನ್ನು ಹೋಲಿಸಿ ನೋಡಲು ಇಲ್ಲಿ ಇಟ್ಟಿರುವ ಪ್ರಮಾಣದ ಯಂತ್ರವನ್ನು ತೆಗೆದುಕೊಂಡು ಬರುತ್ತೇನೆ. ಎಂಟು ದಿನ ನೀವೂ ನಾನೂ ಅಕ್ಕಪಕ್ಕ ನಿಂತು ನೋಡೋಣ. ಎರಡೂ ಕೂಡಿದರೆ ಸಮಿತಿ ಕೇಳಲೇಬೇಕು. ಕೂಡದಿದ್ದರೆ ಕೂಡಲಿಲ್ಲ ಎಂದೇ ಬರೆಯುತ್ತೇನೆ.

ರಜಿನಿ


ಮಕ್ತಲ್
೨೫ ಮಾರ್ಚ್ ೨೦೨೫

ರಜಿನಮ್ಮ,

ನಾನು ಹೇಳುತ್ತಿದ್ದೇನೆ, ಬುಚ್ಚಮ್ಮ ಬರೆಯುತ್ತಿದ್ದಾಳೆ. ಇನ್ನು ಇದನ್ನು ಬಚ್ಚಿಡುವ ಕೆಲಸವಿಲ್ಲ.

ನಿಮ್ಮ ಕಾಗದ ಓದಿ ಹೇಳಿದ ದಿನ ಇವಳ ಮೇಲೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. (ಎರಡಲ್ಲ, ಅರ್ಧ ದಿನ. ಯಂತ್ರ ಎಲ್ಲಿಟ್ಟೆ ಎಂದು ಮಧ್ಯಾಹ್ನಕ್ಕೇ ಕೇಳಿದರು. – ಬುಚ್ಚಮ್ಮ) ಆಮೇಲೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಪಟ್ಟಿಯ ಮಾತಿಗೆ ನೀವು ನೊಂದುಕೊಳ್ಳಬೇಡಿ. ಕಾಣದವನು ಅಂದಾಜಿನಲ್ಲಿ ಹಿಡಿದ ಅಂಕಿ ನಿಮ್ಮ ಮೇಜಿಗೆ ಬಂತು. ಇದು ಸರಿಯಿಲ್ಲ ಎಂದು ನೀವು ಕಂಡಿರಿ. ನನ್ನ ಕಣ್ಣು ಕೆಟ್ಟದ್ದನ್ನು ನನ್ನ ಹೆಂಡತಿಗಿಂತ ಮೊದಲು ಹಿಡಿದವರು ನೀವು. ಅಷ್ಟು ದೂರದಿಂದ. ನಾನು ನಿಮ್ಮ ಜಾಗದಲ್ಲಿದ್ದರೂ ಆ ಹೆಸರೇ ಬರೆಯುತ್ತಿದ್ದೆ.

ತಪ್ಪು ನನ್ನದು. ನಿಮಗೆ ಹೇಳಬೇಕಿತ್ತು. ಆರು ವರ್ಷದಲ್ಲಿ ಊರವರು ನನ್ನನ್ನು ಕರೆಯುವ ರೀತಿಯೇ ಬದಲಾಗಿತ್ತು. ಕಾಲು ಮುರಿದುಕೊಂಡು ಕುರಿ ಕಾಯುವುದು ಬಿಟ್ಟವನು ಅನ್ನುತ್ತಿದ್ದವರು ಆಕಾಶ ನೋಡುವವನು ಅನ್ನತೊಡಗಿದ್ದರು. ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಬನ್ನಿ. ನಿಮ್ಮ ಯಂತ್ರ ತನ್ನಿ. (ನನಗೆ ಹೆದರಿಕೆ ಆಗುತ್ತಿದೆ. ಇದನ್ನು ಅವರಿಗೆ ಓದಿ ಹೇಳುವುದಿಲ್ಲ. – ಬು.)

ಮೈಲಾರಲಿಂಗ


ಪುಣೆ
೨೦ ಏಪ್ರಿಲ್ ೨೦೨೫

ಕಾಕಾ, ಅವ್ವ,

ಪ್ರಮಾಣದ ಯಂತ್ರ ಸುರಕ್ಷಿತವಾಗಿ ತಲುಪಿತು. ನನ್ನ ಜೊತೆ ಬಂದಿದ್ದ ಭಾನುಪ್ರಕಾಶ ಬರೆದುಕೊಂಡ ಎಂಟು ದಿನದ ಅಂಕಿಗಳನ್ನು ಇಲ್ಲಿ ಮತ್ತೆ ಕೂಡಿಸಿ ನೋಡಿದೆವು. ನಲವತ್ತು ಸಲದಲ್ಲಿ ಅವ್ವನ ಅಂಕಿ ನನ್ನದರಿಂದ ಎರಡಕ್ಕಿಂತ ಹೆಚ್ಚು ಆಚೀಚೆ ಹೋದದ್ದು ಒಂದೇ ಸಲ. ಆ ಒಂದು ಸಲ ತಪ್ಪು ನನ್ನದು. ಬೆವರು ಕಣ್ಣಿಗಿಳಿದು ಕೈ ಅಲುಗಿತ್ತು.

ಮೂರನೆಯ ದಿನದ್ದು ನನಗೆ ಮರೆಯುವುದಿಲ್ಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ಕೇಳಿಸಬಾರದೆಂದು ಕಾಕಾ ನಮ್ಮಿಬ್ಬರ ನಡುವೆ ಕಲ್ಲಿನ ಮೇಲೆ ಕೂತಿದ್ದರು. ನಾನು ಒಂದು ಕಿವಿಯಲ್ಲಿ ಪಿಸುಗುಟ್ಟಿದೆ, ಅವ್ವ ಇನ್ನೊಂದರಲ್ಲಿ. ಕಾಕಾ ಭಾನುಪ್ರಕಾಶನ ಕಡೆ ತಿರುಗಿ, “ಎರಡೂ ಒಂದs ಐತಿ, ಬರ್ಕೋರಿ” ಎಂದರು. ಕಾಕಾ ಅವತ್ತು ಕೂತ ಠೀವಿ ನೋಡಿ ಭಾನುಪ್ರಕಾಶ ಬರೆಯುವುದನ್ನೇ ಮರೆತು ನಿಂತಿದ್ದ.

ಕಣ್ಣಿನ ಮಾತಿಗೆ ಕಾಕಾ ಇನ್ನೂ ಒಪ್ಪಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಅಪ್ಪನಿಗೂ ಎರಡು ವರ್ಷದ ಹಿಂದೆ ಪೊರೆ ತೆಗೆಸಿದೆವು. ಒಂದು ಸಲ ನಾರಾಯಣಪೇಟೆಗೆ ಹೋಗಿ ಅವರ ಜೊತೆ ಮಾತಾಡಿ, ಅಷ್ಟು ಮಾಡಿ.

ಜಿನೀವಾದಲ್ಲಿ ಜೂನ್ ನಡುವೆ ಸಭೆ. ಎಲ್ಲವನ್ನೂ ಬರೆದು ಕಳಿಸಿದ್ದೇನೆ, ನನ್ನ ಪಟ್ಟಿಯ ಕಥೆಯನ್ನೂ.

ರಜಿನಿ


ಪುಣೆ
೩೦ ಜೂನ್ ೨೦೨೫

ಕಾಕಾ, ಅವ್ವ,

ತೀರ್ಮಾನ ಬಂದಿದೆ. ಮಕ್ತಲ್ ಉಳಿಯಿತು. ಎರಡು ವರ್ಷಕ್ಕೆ, ಆಮೇಲೆ ಮತ್ತೆ ನೋಡುತ್ತಾರಂತೆ. ಹತ್ತು ತಿಂಗಳ ಅಂಕಿಗಳನ್ನೂ ಇಟ್ಟುಕೊಂಡಿದ್ದಾರೆ. ಜೊತೆಗೊಂದು ಟಿಪ್ಪಣಿ: ‘ಈ ಅವಧಿಯ ವೀಕ್ಷಕರು ಬುಚ್ಚಮ್ಮ.’ ಸಹಿಯ ವಿಷಯಕ್ಕೆ ನಮ್ಮ ಕಚೇರಿಗೆ ಒಂದು ಎಚ್ಚರಿಕೆಯ ಪತ್ರವೂ ಬಂದಿದೆ. ಅದು ನ್ಯಾಯವೇ.

ಇದನ್ನು ಹಬ್ಬದ ಸುದ್ದಿಯ ಹಾಗೆ ಬರೆಯಲು ಕೈ ಬರುತ್ತಿಲ್ಲ. ಬೇರೆ ಮೂರು ಕೇಂದ್ರಗಳನ್ನು ಮುಚ್ಚಿದರು. ನಿಧಿ ನಿಜಕ್ಕೂ ಕುಗ್ಗಿದೆ. ಅವುಗಳಲ್ಲೊಂದರಲ್ಲಿ ಹನ್ನೊಂದು ವರ್ಷ ನೋಡಿದ ಒಬ್ಬ ಮೇಷ್ಟರಿದ್ದಾರೆ. ಬೆಳಗ್ಗೆ ಅವರಿಗೆ ಬರೆದೆ, ಈಗ ನಿಮಗೆ ಬರೆಯುತ್ತಿದ್ದೇನೆ. ಈ ಸಲ ಅವರಿಗೆ ‘ಚಿಂತೆ ಬೇಡ’ ಎಂದು ಬರೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನೋಡಲು ಬರುತ್ತೇನೆ ಎಂದಿದ್ದೇನೆ.

ಹಾಳೆಯ ನಮೂನೆ ಬದಲಾಗಿದೆ. ಇನ್ನು ಕೆಳಗೆ ಎರಡು ಹೆಸರು ಬರುತ್ತವೆ: ನೋಡಿದ ವೀಕ್ಷಕರದು ಒಂದು, ಕೇಳಿ ಬರೆದುಕೊಂಡವರದು ಇನ್ನೊಂದು. ಒಬ್ಬರೇ ಎರಡೂ ಮಾಡುವ ಹಾಗಿಲ್ಲ. ಅಚ್ಚಾಗಿ ಬರಲು ನವೆಂಬರ್ ಆದೀತು. ಅಲ್ಲಿಯವರೆಗೆ ಭೀಮಯ್ಯನವರ ಮಗಳು ಮೌನಿಕಾ ಬರೆದುಕೊಳ್ಳಲಿ. ಆಮೇಲೆ ಯಾರೆಂದು ನೀವೇ ಮಾತಾಡಿಕೊಳ್ಳಿ.

ರಜಿನಿ


ಮಕ್ತಲ್
೧೨ ನವೆಂಬರ್ ೨೦೨೫

ಮಗಳೇ ರಜಿನಿ,

ಈ ಕಾಗದದ ಅಕ್ಷರ ವಕ್ರವಾಗಿದ್ದರೆ ಅದು ನನ್ನ ಮೊದಲಿನ ಅಕ್ಷರವೇ. ನಾನೇ ಬರೆಯುತ್ತಿದ್ದೇನೆ.

ನಿಮ್ಮ ಜೂನ್ ಕಾಗದ ಬಂದ ದಿನ ಮೌನಿಕಾ ಎರಡು ಹೆಸರಿನ ಮಾತನ್ನು ಓದಿ ಹೇಳಿದಳು. ಬುಚ್ಚಮ್ಮ ಅಂದಳು, “ಮೌನಿಕಾಗ ಮದುವಿ ಆದ್ರ ಗದ್ವಾಲಕ್ಕ ಹೋಗ್ತಾಳ. ಬರ್ಕೊಳ್ಳಾಕ ಯಾರರ ಬೇಕಲ್ಲ.” ಅಷ್ಟೇ ಅಂದಳು. ನನ್ನ ಕಡೆ ನೋಡಿದಳೋ ಇಲ್ಲವೋ ನನಗೆ ಕಾಣಲಿಲ್ಲ. ನಾಲ್ಕು ದಿನ ಬಿಟ್ಟು ನಿಮ್ಮ ತಂದೆಯವರಲ್ಲಿಗೆ ಹೋದೆ. ಅವರು ಉಪದೇಶ ಮಾಡಲಿಲ್ಲ. ನನ್ನ ಬೆರಳು ಹಿಡಿದು ಮಗ್ಗದ ಮೇಲಿಟ್ಟು, “ಈ ಎಳಿ ಕಡಿದಿತ್ತು. ನಾನs ಕಂಡು ಗಂಟು ಹಾಕೀನಿ. ಎಲ್ಲಿ ಐತಿ ಹೇಳು ನೋಡೋಣು” ಎಂದರು. ಗಂಟು ನನಗೆ ಸಿಗಲಿಲ್ಲ. ಅಷ್ಟು ಸಣ್ಣದು. ಅಷ್ಟು ಸಣ್ಣದನ್ನು ಅವರು ಪೊರೆ ತೆಗೆಸಿದ ಕಣ್ಣಿಂದ ಕಂಡಿದ್ದರು.

ಮಳೆ ಮುಗಿದ ಮೇಲೆ ರಾಯಚೂರಿನಲ್ಲಿ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗೋಡೆಯ ಮೇಲಿನ ಕ್ಯಾಲೆಂಡರ್. ಬುಚ್ಚಮ್ಮ ನನ್ನ ಹಿಂದೆ ನಿಂತಿದ್ದಳು. ಅದಕ್ಕೆ ಅವಳಿಗೆ ಇನ್ನೂ ಸಿಟ್ಟಿದೆ. ಆಮೇಲೆ ತಿರುಗಿ ನೋಡಿದೆ. ತಲೆಗೂದಲು ಇಷ್ಟು ಬೆಳ್ಳಗಾಗಿರುವುದು ನನಗೆ ಗೊತ್ತಿರಲಿಲ್ಲ. “ಯಾವಾಗ ಆತು ಇದು?” ಎಂದೆ. “ನೀ ಮೋಡ ನೋಡ್ಕೊಂತ ಕುಂತಾಗ” ಎಂದಳು.

ಡಾಕ್ಟರು ಒಂದು ತಿಂಗಳು ಬಿಸಿಲಿಗೆ ಹೋಗಬೇಡ ಎಂದಿದ್ದರು. ಅದು ಮುಗಿದದ್ದು ನಿನ್ನೆ. ಹೊಸ ನಮೂನೆಯ ಹಾಳೆಗಳೂ ನಿನ್ನೆಯೇ ಬಂದವು. ಇವತ್ತು ಮಧ್ಯಾಹ್ನ ಇಬ್ಬರೂ ದಿಬ್ಬ ಹತ್ತಿದೆವು. ಯಂತ್ರವನ್ನು ನನ್ನ ಕೈಗೆ ಕೊಟ್ಟು, “ನಿನ್ನ ಕೆಲಸ, ತಗೋ” ಎಂದು ಪಕ್ಕಕ್ಕೆ ನಿಂತಳು. ಕಿಂಡಿಯಲ್ಲಿ ನೋಡಿದೆ. ಚುಕ್ಕಿ ಇತ್ತು, ದುಂಡಗೆ, ಗೆರೆಗಳ ನಡುವೆ. ಎಷ್ಟೋ ಹೊತ್ತು ಗುಂಡಿ ಒತ್ತದೆ ಸುಮ್ಮನೆ ನೋಡಿದೆ.

ನನ್ನಿಂದಾಗುತ್ತದೆ ಎಂದು ತಿಳಿಯಿತು. ತಿಳಿದ ಮೇಲೆ ಯಂತ್ರವನ್ನು ಅವಳ ಕೈಗೇ ವಾಪಸು ಕೊಟ್ಟೆ. ಹಾಳೆ ಮತ್ತು ಪೆನ್ನು ತೆಗೆದುಕೊಂಡು ಕಲ್ಲಿನ ಮೇಲೆ ಕೂತೆ. ಅವಳು ಮೊಣಕೈ ಊರಿದಳು, ಉಸಿರು ಹಿಡಿದಳು. ಐದು ಸಲ ಹೇಳಿದಳು, ಐದು ಸಲ ಬರೆದುಕೊಂಡೆ. ಆಮೇಲೆ ಹಾಳೆಯ ಕೆಳಗಡೆ ಹೆಸರಿನ ಜಾಗ ತುಂಬಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದು, “ಏನ್ ಬರದಿ, ಓದು” ಎಂದಳು.

“ಕೇಂದ್ರ, ಮಕ್ತಲ್. ವೀಕ್ಷಕರು, ಬುಚ್ಚಮ್ಮ” ಎಂದು ಓದಿದೆ.

ಅವಳಿಗೆ ಓದಲು ಬರುತ್ತದೆ, ನಿಮಗೆ ಗೊತ್ತಿದೆ. ಆದರೂ ನನ್ನ ಪಕ್ಕದಲ್ಲಿ ಕೂತು, “ಇನ್ನೊಮ್ಮೆ ಓದು” ಎಂದಳು.

ಓದಿದೆ.

ಮೈಲಾರಲಿಂಗ